‘ಎಡ್ಜ್ ಕಂಪ್ಯೂಟಿಂಗ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಗೆಳೆಯರೇ,
ಹಾಲಿನ ಡೇರಿಗಳಿಗಾಗಿ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಹೋಗಬೇಕು. ಓದುವವರು ಹಳ್ಳಿ ಸಂಘಗಳ ಕಾರ್ಯದರ್ಶಿಗಳು.

‘ಎಡ್ಜ್ ಕಂಪ್ಯೂಟಿಂಗ್’ ಅಂದರೆ ಲೆಕ್ಕವನ್ನು ದೂರದ ಸರ್ವರ್‌ಗೆ ಬಿಡದೆ ಇದ್ದಲ್ಲೇ ಮಾಡುವುದು. ಇಲ್ಲಿ ಅದಕ್ಕೆ ಡೇರಿಯಲ್ಲೇ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ. ಹಾಲಿನ ತೂಕ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ದರ ಲೆಕ್ಕ ಹಾಕಿ ಚೀಟಿ ಕೊಡುತ್ತದೆ. ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ನೆಟ್ ಬಂದಾಗ ಲೆಕ್ಕವೆಲ್ಲ ಒಕ್ಕೂಟದ ಸರ್ವರ್‌ಗೆ ಹೋಗುತ್ತದೆ. ದರಪಟ್ಟಿ ಬದಲಾದರೆ ಒಕ್ಕೂಟದಲ್ಲಿ ಕೂತೇ ಎಲ್ಲ ಪೆಟ್ಟಿಗೆಗಳಿಗೂ ಒಟ್ಟಿಗೆ ಕಳಿಸಬಹುದು. ‘ಅಂಚಿನ ಗಣನೆ’ ಅಂತ ಹಾಕಿದ್ದೇನೆ, ಯಾಕೋ ಒಗ್ಗುತ್ತಿಲ್ಲ.

ಉತ್ತರ 1:
ಗಣನೆ ಯಾಕೆ? ಎಣಿಕೆ ಇದೆ ಅಲ್ವಾ. ‘ಅಂಚೆಣಿಕೆ’ ಅನ್ನಿ. ಒಂದೇ ಪದ, ಅಚ್ಚಗನ್ನಡ. ಟಪಾಲಿನ ‘ಅಂಚೆ’ಯೂ ಈ ಅಂಚಿನಿಂದಲೇ ಹುಟ್ಟಿದ್ದು ಅಂತ ನಾನು ನಂಬುತ್ತೇನೆ. ನಾಡಿನ ಒಂದು ತುದಿಯಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವುದು ತಾನೇ ಅದು?

ಉತ್ತರ 2:
ಆಗದು. ‘ಅಂಚೆಣಿಕೆ’ ಕಂಡವರೆಲ್ಲ ಅಂಚೆ + ಎಣಿಕೆ ಅಂತಲೇ ಬಿಡಿಸುತ್ತಾರೆ. ಕಾಗದ ಎಣಿಸುವ ಯಂತ್ರ ಅಂದುಕೊಳ್ಳುತ್ತಾರೆ. ಹಂಸದ ತದ್ಭವವೂ ಅಂಚೆಯೇ, ಅದನ್ನೂ ಅಂಚಿಗೆ ಕಟ್ಟುತ್ತೀರಾ?

‘ಎಡ್ಜ್’ ಅಂದರೆ ಜಾಲದ ಅಂಚು. ನಡುವೆ ದೊಡ್ಡ ಸರ್ವರ್, ಹೊರಸುತ್ತಿನಲ್ಲಿ ಬಳಸುವವರು. ಇದು ಇಂಜಿನಿಯರುಗಳು ನೋಡುವ ಬಗೆ. ಕಾರ್ಯದರ್ಶಿಗೆ ತನ್ನ ಡೇರಿ ಅಂಚಲ್ಲ, ಹಾಲು ಬರುವುದೇ ಅಲ್ಲಿಗೆ. ‘ಸ್ಥಳದಲ್ಲೇ ಲೆಕ್ಕ’ ಅನ್ನಿ.

ಉತ್ತರ 1:
‘ಸ್ಥಳ’ ಸಂಸ್ಕೃತ. ಎಲ್ಲದಕ್ಕೂ ಸಾಲ ತಂದರೆ ನಮ್ಮ ಪದಗಳು ಬೆಳೆಯುವುದು ಯಾವಾಗ?

ಉತ್ತರ 2:
‘ಲೆಕ್ಕ’ವೂ ಸಂಸ್ಕೃತದ ಕಡೆಯದೇ. ‘ಡೇರಿ’ ಇಂಗ್ಲಿಷ್. ಇವನ್ನೆಲ್ಲ ಕಿತ್ತು ಹಾಕಿದರೆ ಕೈಪಿಡಿಯಲ್ಲಿ ಏನು ಉಳಿಯುತ್ತದೆ?

ಉತ್ತರ 3:
ಸುಮ್ನೆ ಜಗಳ ಬೇಡ. ಕೇಳಿದವರಿಗೆ ಶುಕ್ರವಾರದ ಗಡುವಿದೆ.

ಪೆಟ್ಟಿಗೆ ಕೆಟ್ಟರೆ ಕಾರ್ಯದರ್ಶಿ ರಿಪೇರಿಯವರಿಗೆ ಫೋನ್ ಮಾಡಬೇಕು. ಆ ಕಡೆಯವರು ಬಳಸುವ ಮಾತು ‘ಎಡ್ಜ್’. ಹಾಗಾಗಿ ವಸ್ತುವಿಗೆ ‘ಎಡ್ಜ್ ಪೆಟ್ಟಿಗೆ’ ಅನ್ನಿ, ಅದು ಮಾಡುವ ಕೆಲಸಕ್ಕೆ ‘ಡೇರಿಯಲ್ಲೇ ಲೆಕ್ಕ’. ಒಕ್ಕೂಟದವರ ಪರದೆಗೆ ‘ದೂರದಿಂದ ನಿರ್ವಹಣೆ’ ಸಾಕು. ‘ಆಟೊಮೇಷನ್’ ಬಂದ ಕಡೆ ‘ಸ್ವಯಂಚಾಲಿತ’ ಅಂತ ತುರುಕಬೇಡಿ, ‘ಹೊಸ ದರ ತಾನಾಗಿಯೇ ಬರುತ್ತದೆ’ ಅಂತ ಬರೆಯಿರಿ. ‘ಸಿಂಕ್’ಗೆ (ಪೆಟ್ಟಿಗೆಯ ಲೆಕ್ಕ ಸರ್ವರ್‌ಗೆ ಹೋಗಿ ಸೇರುವುದಕ್ಕೆ) ದಯವಿಟ್ಟು ‘ಸಮಕಾಲೀಕರಣ’ ಬೇಡ. ಚೀಟಿ ಕೈಗೆ ಬಂದು ಲೆಕ್ಕ ಒಕ್ಕೂಟ ಮುಟ್ಟದಿದ್ದರೆ ರೈತರ ಬಟವಾಡೆಗೆ ತೊಂದರೆ. ಅದು ಪರದೆಯಲ್ಲಿ ಕಂಡ ಕೂಡಲೇ ತಿಳಿಯಬೇಕು. ‘ಲೆಕ್ಕ ಒಕ್ಕೂಟಕ್ಕೆ ಹೋಗಿದೆ’, ‘ಇನ್ನೂ ಹೋಗಿಲ್ಲ’: ಇವೆರಡನ್ನೇ ದಪ್ಪಕ್ಷರದಲ್ಲಿ ಹಾಕಿ.