‘ನೀರಲ್ಲಿ ನಿಂತ ಗಾಡಿ’, ‘ನೀರು ಕುಡಿದ ಗಾಡಿ’: ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಎರಡು ಮಾತುಗಳ ಬಗ್ಗೆ ಕೇಳಬೇಕಿದೆ. ಒಂದು ‘ನೀರು ಕುಡಿದ ಗಾಡಿ’, ಮೆಕ್ಯಾನಿಕ್‌ಗಳ ಬಾಯಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ಇನ್ನೊಂದು ಇಂಗ್ಲಿಷಿನ ‘ಸಾಲ್ವೇಜ್’, ಅದಕ್ಕೆ ನನಗೆ ಕನ್ನಡ ಸಿಗುತ್ತಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಮಳೆನೀರು ನುಗ್ಗಿ ಎಷ್ಟೋ ಕಾರುಗಳು ಮುಳುಗಿದ್ದು ನೆನಪಿರಬಹುದು. ಅಂಥದೊಂದು ಸಣ್ಣ ಪೆಟ್ರೋಲ್ ಕಾರನ್ನು ನನ್ನ ತಮ್ಮ ಕಡಿಮೆ ಬೆಲೆಗೆ ಕೊಂಡ. ಮಾರಿದವರು ಹೇಳಿದ್ದು ಇಷ್ಟು: “ನೀರಲ್ಲಿ ನಿಂತ ಗಾಡಿ ಸಾರ್. ಸೀಟು, ಮ್ಯಾಟು, ವೈರಿಂಗ್ ನೋಡ್ಕೊಂಡ್ರೆ ಆಯ್ತು.” ತಮ್ಮ ಅದನ್ನೆಲ್ಲ ಮಾಡಿಸಿದ. ಎರಡು ತಿಂಗಳು ಓಡಿತು. ಆಮೇಲೆ ಎಂಜಿನ್ನಿನಲ್ಲಿ ಟಕಟಕ ಸದ್ದು ಶುರುವಾಯಿತು. ನಮ್ಮ ಮೆಕ್ಯಾನಿಕ್ ಪ್ಲಗ್‌ಗಳನ್ನು ಬಿಚ್ಚಿದರು. ಒಂದೊಂದೇ ತೂತಿಗೆ ಉದ್ದ ಕಡ್ಡಿ ಇಳಿಸಿ, ಎಂಜಿನ್ ತಿರುಗಿಸಿ, ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಅಂತ ಅಳೆದರು. ಮೂರನೆಯದು ಮಾತ್ರ ಸ್ವಲ್ಪ ಕೆಳಗೇ ನಿಂತಿತು. ಒಳಗೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬೆಂಡಾಗಿತ್ತು. “ಇದು ನಿಂತ ಗಾಡಿ ಅಲ್ಲಣ್ಣ, ಕುಡಿದ ಗಾಡಿ” ಅಂದರು.

ಈ ಎರಡು ಮಾತುಗಳ ನಡುವೆ ಎಷ್ಟು ಅಂತರವಿದೆ ನೋಡಿ. ಎಂಜಿನ್ ಆಫ್ ಆಗಿದ್ದಾಗ ನೀರು ಏರಿ ಇಳಿದರೆ ಅದು ನಿಂತ ಗಾಡಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿರಬಹುದು, ತುಕ್ಕು ಹಿಡಿಯಬಹುದು. ಆದರೆ ಬೇಗ ನೀರು ತೆಗೆದು, ಆಯಿಲ್ ಬದಲಿಸಿದರೆ ಎಂಜಿನ್ ಉಳಿಯುವ ಸಾಧ್ಯತೆ ಜಾಸ್ತಿ. ಎಂಜಿನ್ ಓಡುತ್ತಿರುವಾಗ ಏರ್ ಫಿಲ್ಟರ್ ದಾರಿಯಲ್ಲಿ ನೀರು ಒಳಗೆ ಹೋದರೆ ಅದು ಕುಡಿದ ಗಾಡಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. 1200 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ಮೇಲೆ ಉಳಿಯುವ ಜಾಗ ಸುಮಾರು 30–35 ಮಿಲಿ. ಅರ್ಧ ಲೋಟ ಕಾಫಿಯಷ್ಟೂ ಇಲ್ಲ. ಅದಕ್ಕಿಂತ ಜಾಸ್ತಿ ನೀರಿದ್ದರೆ ಪಿಸ್ಟನ್ ಗಕ್ಕನೆ ನಿಲ್ಲುತ್ತದೆ, ರಾಡ್ ಬಾಗುತ್ತದೆ. ಸ್ವಲ್ಪವೇ ಬಾಗಿದರೆ ಗಾಡಿ ಕೆಲವು ದಿನ ಓಡುವುದೂ ಉಂಟು. ನಮಗೆ ಆದದ್ದು ಅದೇ.

ಇನ್ನೊಂದು ವಿಷಯ. ನಿಂತ ಗಾಡಿಯೂ ಕುಡಿದ ಗಾಡಿ ಆಗಬಹುದು. ಹೊರಗೆ ನೀರಿಳಿದ ಮೇಲೆ, ಎಂಜಿನ್ನಿನೊಳಗೆ ನೀರು ಉಳಿದಿರುವಾಗಲೇ ಯಾರೋ ‘ನೋಡೋಣ’ ಅಂತ ಸುಮ್ನೆ ಸೆಲ್ಫ್ ಹೊಡೆದರೆ ಸಾಕು.

ಈಗ ‘ಕುಡಿ’ ಪದಕ್ಕೆ ಬರುತ್ತೇನೆ. ಬದನೆಕಾಯಿ ಎಣ್ಣೆ ಕುಡಿಯುತ್ತದೆ. ಗೋಡೆ ನೀರು ಕುಡಿಯುತ್ತದೆ. ರಿಂಗ್ ಸವೆದ ಎಂಜಿನ್ ಆಯಿಲ್ ಕುಡಿಯುತ್ತದೆ. ಇಲ್ಲೆಲ್ಲ ನಿಧಾನವಾಗಿ ಒಳಗೆ ಎಳೆದುಕೊಳ್ಳುವ ಅರ್ಥವಿದೆ. ಕಾರಿನ ವಿಷಯದಲ್ಲಿ ಮಾತ್ರ ಅದು ಒಂದೇ ಗುಟುಕು. ಹಾಗಾದರೆ ‘ಹೀರಿದ’ ಅನ್ನಬೇಕಾ? ಎಂಜಿನ್ ಗಾಳಿ ಹೀರುವುದೇನೋ ನಿಜ. ಆದರೂ ನನ್ನ ಕಿವಿಗೆ ‘ಕುಡಿದ’ ಅನ್ನುವುದೇ ಸರಿ. ಅದರಲ್ಲಿ ಬಾಯಿದೆ, ಒಳಗೆ ಇಳಿದದ್ದು ಕಾಣುತ್ತದೆ. ಹೀಗೆ ನೀರು ಹೊಕ್ಕು ಪಿಸ್ಟನ್ ನಿಲ್ಲುವುದಕ್ಕೆ ಇಂಗ್ಲಿಷಿನವರು ಹೇಳುವ ‘ಹೈಡ್ರೋಲಾಕ್’ಗೆ ‘ಜಲಸ್ತಂಭನ’ ಅನ್ನಬಹುದೇ ಅಂತಲೂ ಯೋಚಿಸಿದೆ. ಆದರೆ ಅದು ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಲು ಬಳಸಿದ ವಿದ್ಯೆ. ಅಲ್ಲಿ ನೀರನ್ನು ನಿಲ್ಲಿಸುವುದು, ಇಲ್ಲಿ ನೀರೇ ಪಿಸ್ಟನ್ನನ್ನು ನಿಲ್ಲಿಸುವುದು. ಹೊಂದುವುದಿಲ್ಲ.

ಎರಡನೆಯದು ‘ಸಾಲ್ವೇಜ್’. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆಯ) ಶೇ. 75 ದಾಟಿದರೆ ವಿಮೆಯವರು ‘ಟೋಟಲ್ ಲಾಸ್’ ಅಂತ ಹಣ ಕೊಡುತ್ತಾರೆ. ಮಿಕ್ಕ ಗಾಡಿಯನ್ನು ಹಾಗೇ ಮಾರಲಾಗುತ್ತದೆ. ಅದೇ ಸಾಲ್ವೇಜ್. ಇದಕ್ಕೆ ನಾವು ‘ಗುಜರಿ’ ಅಂದುಬಿಡುತ್ತೇವೆ. ಇದು ತಪ್ಪು ಅಂತ ನನ್ನ ಅನಿಸಿಕೆ. ಗುಜರಿಗೆ ಹೋದ ಗಾಡಿ ಬಿಚ್ಚಿ ಮಾರಲು ಹೋದದ್ದು, ಶಿವಾಜಿನಗರದಲ್ಲಿ ನೋಡಿರುತ್ತೀರಿ. ಸಾಲ್ವೇಜ್ ಮೂಲದಲ್ಲಿ ಹಡಗಿನವರ ಮಾತು. ಅಪಾಯಕ್ಕೆ ಸಿಕ್ಕ ಹಡಗನ್ನೋ ಸರಕನ್ನೋ ಉಳಿಸಿದವರಿಗೆ ಸಲ್ಲುವ ಹಣಕ್ಕೆ ಹಾಗನ್ನುತ್ತಿದ್ದರು. ಅದರಲ್ಲಿ ಉಳಿಸುವ ಅರ್ಥವಿದೆ. ‘ಅಳಿದುಳಿದ ಗಾಡಿ’ ಅಂದರೆ ಹೇಗೆ? ಅಳಿದದ್ದೂ ಇದೆ, ಉಳಿದದ್ದೂ ಇದೆ. ಆದರೆ ‘ಅಳಿದುಳಿದ ಅನ್ನ’ದ ಥರ ಕೇಳಿಸಿ ಬೆಲೆ ಇಳಿಸುತ್ತದೆಯೇನೋ ಅನ್ನೋ ಅನುಮಾನವೂ ಇದೆ.

ಮಂಗಳೂರು, ಧಾರವಾಡ, ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ ‘ನಿಂತ’, ‘ಕುಡಿದ’ ಅಂತ ಬೇರೆ ಬೇರೆ ಹೇಳುತ್ತಾರಾ? ಕರಾವಳಿಯ ಬೋಟಿನ ಎಂಜಿನ್ ಕೆಲಸದವರ ಬಾಯಲ್ಲಿ ಇದಕ್ಕೆ ಬೇರೆ ಪದ ಇರಲೇಬೇಕು. ತಿಳಿದವರು ದಯವಿಟ್ಟು ಅವರು ಹೇಳಿದ ಹಾಗೇ, ಪೂರ್ತಿ ವಾಕ್ಯದಲ್ಲಿ ಬರೆಯಿರಿ.