ಪದಚರ್ಚೆ: ಫೈಡೊನೆಟ್‌ನ ‘ಫೈಲ್ ರಿಕ್ವೆಸ್ಟ್’ ಕೋರಿಕೆಯೋ, ಬೇಡಿಕೆಯೋ?

ಪ್ರಶ್ನೆ: ಫೋನ್ ತಂತಿಯ ಮೇಲೆ ಕಂಪ್ಯೂಟರುಗಳನ್ನು ಬೆಸೆದ ಫೈಡೊನೆಟ್ ಜಾಲದ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇನ್ನೊಂದು ಕಂಪ್ಯೂಟರಿನಿಂದ ಫೈಲು ಕೇಳಿ ಪಡೆಯುವ ‘ಫೈಲ್ ರಿಕ್ವೆಸ್ಟ್’ಗೆ ಒಪ್ಪುವ ಪದ ಬೇಕು. ಬಳಸುವವರು ಅದನ್ನು ‘ಫ್ರೆಕ್’ ಎಂದು ಮೊಟಕು ಮಾಡಿ ‘ಫ್ರೆಕ್ ಮಾಡಿ’ ಎಂದೂ ಆಡುತ್ತಾರೆ. ‘ಕಡತ ಕೋರಿಕೆ’ ಎಂದರೆ ಅರ್ಜಿ ಹಾಕಿ ಕಾದಂತಿದೆ. ‘ಬೇಡಿಕೆ’ ಎಂದರೆ ಮುಷ್ಕರ ನೆನಪಾಗುತ್ತದೆ. ಫೈಲಿನ ನಿಜವಾದ ಹೆಸರಿನ ಬದಲು ಬಳಸುವ ‘ಮ್ಯಾಜಿಕ್ ನೇಮ್’ಗೂ ಒಂದು ಪದ ತಿಳಿಸುವಿರಾ?

ಉತ್ತರ: ನಿಮ್ಮ ಅನುಮಾನ ಸರಿ, ಇಲ್ಲಿ ಅರ್ಜಿ ಪರಿಶೀಲಿಸುವವರು ಯಾರೂ ಇಲ್ಲ. ಟಾಮ್ ಜೆನ್ನಿಂಗ್ಸ್ 1984ರಲ್ಲಿ ಅಮೆರಿಕದಲ್ಲಿ ಶುರುಮಾಡಿದ ಈ ಜಾಲದಲ್ಲಿ ಬಿಬಿಎಸ್‌ಗಳು (ಸಂದೇಶ, ಫೈಲುಗಳನ್ನು ಇಟ್ಟುಕೊಂಡ, ಫೋನ್ ಮಾಡಿ ಸೇರಬಹುದಾದ ಕಂಪ್ಯೂಟರುಗಳು) ಮೋಡೆಮ್ ಮೂಲಕ ಒಂದಕ್ಕೊಂದು ಫೋನ್ ಮಾಡುತ್ತಿದ್ದವು. ಫೈಲು ಬೇಕಾದವರೇ ಕರೆ ಮಾಡಬೇಕು, ಕರೆಯ ದುಡ್ಡೂ ಅವರದೇ. ಎರಡೂ ತುದಿಯಲ್ಲಿ ಮಾತಾಡುವುದು ‘ಮೇಲರ್’ ತಂತ್ರಾಂಶ. ಈ ಕಡೆಯದು ಚೀಟಿ ಕೊಟ್ಟರೆ ಆ ಕಡೆಯದು ಫೈಲನ್ನು ಅದೇ ಕರೆಯಲ್ಲಿ ಕಳಿಸುತ್ತದೆ. ಆದ್ದರಿಂದ ಕ್ರಿಯಾಪದಕ್ಕೆ ‘ತರಿಸಿಕೊಳ್ಳು’, ನಾಮಪದಕ್ಕೆ ‘ಫೈಲ್ ಚೀಟಿ’ ಎನ್ನಿ. ‘ಕಡತ’ ನನಗೆ ಒಗ್ಗುವುದಿಲ್ಲ. ಅದು ಸರ್ಕಾರಿ ಕಚೇರಿಯ ಕಟ್ಟನ್ನು ಕಣ್ಣ ಮುಂದೆ ತರುತ್ತದೆ.

ಚೀಟಿ ಎಂದದ್ದು ಬರೀ ಹೋಲಿಕೆಯಲ್ಲ. ದಿನಸಿ ಅಂಗಡಿಗೆ ಬರೆದುಕೊಡುವ ಪಟ್ಟಿಯಂತೆ ಇದೂ ಸಾಲಿಗೊಂದು ಹೆಸರಿರುವ ಸಾದಾ ಪಠ್ಯ. ಫೈಲಿಗೆ ಗುಪ್ತಪದ ಇದ್ದರೆ ಹೆಸರಾದ ಮೇಲೆ ಒಂದು ಜಾಗ ಬಿಟ್ಟು, ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ಬರೆಯಬೇಕು. ಕೂಡಿಸುವ ಚಿಹ್ನೆಯ ಜೊತೆ ಯುನಿಕ್ಸ್ ಸೆಕೆಂಡುಗಳ (1970ರ ಆರಂಭದಿಂದ ಎಣಿಸಿದ ಸೆಕೆಂಡುಗಳ) ಲೆಕ್ಕದಲ್ಲಿ ಸಮಯ ಕೊಟ್ಟರೆ, ಅದಕ್ಕಿಂತ ಹೊಸದಿದ್ದರೆ ಮಾತ್ರ ಕಳಿಸು ಎಂದರ್ಥ. ಇದು ‘ಅಪ್‌ಡೇಟ್ ರಿಕ್ವೆಸ್ಟ್’. ‘ಹೊಸದಿದ್ದರೆ ಚೀಟಿ’ ಎಂದರೂ ನಡೆದೀತು.

ಎಡವುವುದು ಚೀಟಿಗೆ ಹೆಸರಿಡುವಾಗ. ನೀವು ಕರೆಯುವ ಬಿಬಿಎಸ್‌ನ ವಿಳಾಸದಲ್ಲಿರುವ ನೆಟ್ (ಗುಂಪಿನ) ಸಂಖ್ಯೆ, ನೋಡ್ (ಆ ಗುಂಪಿನೊಳಗಿನ ಬಿಬಿಎಸ್‌ನ) ಸಂಖ್ಯೆ ಎರಡನ್ನೂ ಹದಿನಾರರ ಮಾನದಲ್ಲಿ ನಾಲ್ಕು ನಾಲ್ಕು ಸ್ಥಾನಕ್ಕೆ ಬರೆದು, ಕೊನೆಗೆ ಚುಕ್ಕಿ ಇಟ್ಟು ‘ಆರ್‌ಇಕ್ಯು’ ಸೇರಿಸಬೇಕು. ವಿಳಾಸ 135/20 ಆದರೆ ಹೆಸರು 00870014. ದಶಮಾನದಲ್ಲೇ 01350020 ಎಂದು ಬರೆದರೆ ಚೀಟಿ 309/32ರ ಹೆಸರಿಗೆ ಬೀಳುತ್ತದೆ. ನೀವು ಕರೆದ ಕಡೆಯಿಂದ ಫೈಲು ಬರುವುದಿಲ್ಲ, ದೋಷದ ಸೂಚನೆಯೂ ಸಿಗುವುದಿಲ್ಲ. ಈ ಉದಾಹರಣೆಯನ್ನು ನಿಮ್ಮ ಬರಹದಲ್ಲಿ ಬಿಡಬೇಡಿ.

‘ಮ್ಯಾಜಿಕ್ ನೇಮ್’ಗೆ ‘ಮಾಯಾನಾಮ’ ಬೇಡ, ‘ಅಡ್ಡಹೆಸರು’ ಸಾಕು. ಜಾಲದ ಬಿಬಿಎಸ್‌ಗಳ ಪಟ್ಟಿಯಾದ ನೋಡ್‌ಲಿಸ್ಟ್ ವಾರಕ್ಕೊಮ್ಮೆ ಹೊರಬರುತ್ತದೆ, ವರ್ಷದ ಎಷ್ಟನೆಯ ದಿನ ಎಂಬ ಅಂಕಿ ಅದರ ಫೈಲ್ ಹೆಸರಿನ ಬಾಲದಲ್ಲಿರುತ್ತದೆ. ಆ ಅಂಕಿ ಗೊತ್ತಿಲ್ಲದವರು ಬರೀ ‘ನೋಡ್‌ಲಿಸ್ಟ್’ ಎಂದು ಚೀಟಿಯಲ್ಲಿ ಬರೆದರೆ, ಆ ಅಡ್ಡಹೆಸರಿಟ್ಟಿರುವ ಬಿಬಿಎಸ್ ಇತ್ತೀಚಿನದನ್ನೇ ಕಳಿಸುತ್ತದೆ. ‘ಫೈಲ್ಸ್’ ಎಂದರೆ ಅಲ್ಲಿ ಸಿಗುವ ಎಲ್ಲದರ ಪಟ್ಟಿ.

ನೀವು ಕೇಳದಿದ್ದರೂ ಇನ್ನೊಂದು ಜೋಡಿ ಅನುವಾದದಲ್ಲಿ ಎದುರಾಗುತ್ತದೆ. ಕರೆ ಸೇರಿದೊಡನೆ ಎರಡು ಮೇಲರ್‌ಗಳು ಪರಸ್ಪರ ಪರಿಚಯಿಸಿಕೊಳ್ಳುವ ‘ಎಮ್ಸಿ’ ಹಸ್ತಲಾಘವದಲ್ಲಿ ‘ಎನ್‌ಆರ್‌ಕ್ಯು’, ‘ಎಚ್‌ಆರ್‌ಕ್ಯು’ ಎಂಬ ಎರಡು ಸಂಕೇತಗಳಿವೆ. ಮೊದಲನೆಯದು ಇಲ್ಲಿ ಚೀಟಿ ತೆಗೆದುಕೊಳ್ಳುವುದೇ ಇಲ್ಲ ಎನ್ನುತ್ತದೆ, ಎರಡನೆಯದು ಸದ್ಯಕ್ಕೆ ಇಲ್ಲ ಎನ್ನುತ್ತದೆ. ಉತ್ತರ ಅಮೆರಿಕದ ವಲಯದಲ್ಲಿ ಯುಟಿಸಿ (ವಿಶ್ವ ಸಮಯ) 9ರಿಂದ 10 ಗಂಟೆ ಜಾಲದ ಅಂಚೆಗೇ ಮೀಸಲು, ಆಗ ಚೀಟಿಗಳು ಕಾಯಬೇಕು. ಎರಡಕ್ಕೂ ‘ನಿರಾಕರಣೆ’ ಎಂದುಬಿಟ್ಟರೆ, ಗಂಟೆ ಬಿಟ್ಟು ಮತ್ತೆ ಕರೆದರೆ ಸಿಗುವ ಫೈಲನ್ನು ಓದುಗರು ಕೈಬಿಡುತ್ತಾರೆ. ‘ಚೀಟಿ ಇಲ್ಲ’, ‘ಚೀಟಿಗೆ ತಡೆ’ ಎಂದು ಬೇರೆಮಾಡಿ.