ಏಪ್ರಿಲ್‌ಗೇ ಬತ್ತುವ ಬಾವಿಗೆ ಮಾಡಿನ (ಛಾವಣಿಯ) ನೀರು ಬಿಡಬಹುದಾ?

ಪ್ರಶ್ನೆ (ಬ್ರಹ್ಮಾವರ): ನಮ್ಮದು 32 ಅಡಿಯ ಬಾವಿ, ಮುರಕಲ್ಲಿನದು (ಕರಾವಳಿಯ ಕೆಂಪು, ತೂತು ತೂತಾದ ಕಲ್ಲು). ಏಪ್ರಿಲ್ ಬಂತೆಂದರೆ ಕೊಡಪಾನ ತಳಕ್ಕೆ ತಾಗಿ ಕೆಸರು ಬರುತ್ತದೆ. ಅಮ್ಮ ಅದನ್ನು ಬಟ್ಟೆಯಲ್ಲಿ ಸೋಸುವುದು ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಮಳೆಗಾಲದ ಮಾಡಿನ ನೀರನ್ನು ಬಾವಿಗೇ ಬಿಡಬಹುದಾ?

ಉತ್ತರ (ಕಾಪು): ಧಾರಾಳವಾಗಿ ಬಿಡಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. 1000 ಚದರ ಅಡಿ ಮಾಡಿನಿಂದಲೇ 3 ಲಕ್ಷ ಲೀಟರಿಗೂ ಜಾಸ್ತಿ ಬೀಳುತ್ತದೆ, ಸುಮ್ನೆ ಚರಂಡಿಗೆ ಹೋಗುತ್ತದೆ ಅಲ್ವಾ? ಮೊದಲ ಮಳೆಯ ನೀರು ಬೇಡ, ಧೂಳು, ಹಕ್ಕಿ ಹಿಕ್ಕೆ ಇರುತ್ತದೆ. ಆಮೇಲೆ ಡ್ರಮ್‌ಗೆ ಜಲ್ಲಿ, ಇದ್ದಿಲು, ಮರಳು ತುಂಬಿ ಸೋಸಿ ಬಿಡಿ.

ಉತ್ತರ (ಮಂಗಳೂರು): ಮುರಕಲ್ಲಿನಲ್ಲಿ ನೀರು ನಿಲ್ಲುವುದು ಕಷ್ಟ, ಸಂದಿನಲ್ಲಿ ಇಳಿದು ತಗ್ಗಿಗೆ ಹೋಗುತ್ತದೆ. ಮಳೆ ನಿಂತ ಮೇಲೆ ಹತ್ತಿರದ ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟವನ್ನೂ ಹಾಕಿ, ಅಂದರೆ ನೀರು ನಿಂತು ಇಂಗುವಂತೆ ತಾತ್ಕಾಲಿಕ ಅಡ್ಡಗಟ್ಟೆ.

ಪ್ರಶ್ನೆ ಕೇಳಿದವರು: ತೋಡು ಗದ್ದೆಯ ಆಚೆಗೇ ಇದೆ. ಅಜ್ಜ ಇದ್ದಾಗ ಕಟ್ಟ ಹಾಕುತ್ತಿದ್ದರು. ಈ ಸಲ ನೆರೆಮನೆಯವರನ್ನೂ ಕರೆಯುತ್ತೇನೆ.